ವೀರಗಲ್ಲನ್ನು ಕೆಳಗಿನಿಂದ ಓದಬೇಕು

ಮಾನ್ಯ ಸಂಪಾದಕರೇ,

ಜುಲೈ 26ರ ಕಾರ್ಗಿಲ್ ವಿಜಯ ದಿನ ಹತ್ತಿರ ಬಂತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿ ಯೋಧರ ಚಿತ್ರದ ಪಕ್ಕಕ್ಕೆ ಒಂದು ವೀರಗಲ್ಲು, ಅದರಡಿ ಎರಡು ಸಾಲು ಹಳೆಯ ಪದ್ಯ ಬಂದು ಕೂರುತ್ತವೆ. ಬರಲಿ, ಸಂತೋಷವೇ. ಆದರೆ ಕಲ್ಲಿನ ಚಿತ್ರವನ್ನು ಕತ್ತರಿಸುವಾಗಲೂ ಪದ್ಯವನ್ನು ಮುರಿದು ಹಾಕುವಾಗಲೂ ಆಗುವ ತಪ್ಪು ಒಂದೇ. ವೀರ ಸತ್ತದ್ದು ಉಳಿಯುತ್ತದೆ. ಯಾವ ಋಣಕ್ಕೆ ಸತ್ತ, ಎಲ್ಲಿ ಸತ್ತ, ಅವನು ಸತ್ತ ಮೇಲೆ ಬದುಕಿದ್ದವರು ಏನು ಕೊಟ್ಟರು ಎಂಬುದು ಬಿದ್ದುಹೋಗುತ್ತದೆ. ಕನ್ನಡದ ವೀರಪದ್ಯಗಳಲ್ಲಿ ಆರ್ಭಟಕ್ಕಿಂತ ಲೆಕ್ಕ ಹೆಚ್ಚು. ಆ ಲೆಕ್ಕ ಬಿಟ್ಟರೆ ಉಳಿಯುವುದು ಬರೀ ಘೋಷಣೆ.

ಮೊದಲು ಕಲ್ಲಿನ ವಿಷಯ. ಸಾಮಾನ್ಯ ವೀರಗಲ್ಲಿಗೆ ಮೂರು ಹಂತ. ಕೆಳಗಿನದರಲ್ಲಿ ಕಾಳಗ: ಕತ್ತಿ ಗುರಾಣಿ ಹಿಡಿದವನು, ಬಾಣ ತಾಗಿದವನು, ಕಾಲಡಿ ಬಿದ್ದವರು, ತುರುಗೋಳಿನ, ಅಂದರೆ ದನ ಹೊಡೆದೊಯ್ಯುವ ಕಾಳಗದ, ಕಲ್ಲಾದರೆ ಒಂದು ಮೂಲೆಯಲ್ಲಿ ದನಗಳು. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಜೈನನಾಗಿದ್ದರೆ ಜಿನನ ಮುಂದೆ. ನೆತ್ತಿಯಲ್ಲಿ ಸೂರ್ಯ ಚಂದ್ರ. ಶಾಸನದ ಸಾಲುಗಳಿರುವುದು ಈ ಹಂತಗಳ ನಡುವಿನ ಅಡ್ಡಪಟ್ಟಿಗಳಲ್ಲಿ. ಅಂದರೆ ಕಲ್ಲಿನ ಕಥೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಪುಟವಿನ್ಯಾಸದವರು ಜಾಗ ಸಾಲದೆ ಕೆಳಭಾಗ ಕತ್ತರಿಸಿದರೆ ಯುದ್ಧವೇ ಹೋಗಿ ಪೂಜೆಯೊಂದೇ ಉಳಿಯುತ್ತದೆ. ಪಟ್ಟಿಗಳನ್ನು ಮಸುಕಾಗಿಸಿದರೆ ಹೆಸರೇ ಹೋಗುತ್ತದೆ. ಹಳ್ಳಿಗಳಲ್ಲಿ ಎಷ್ಟೋ ಕಲ್ಲುಗಳ ಬುಡ ಮಣ್ಣಿನಲ್ಲಿ ಹೂತಿರುವುದರಿಂದ ಕೆಳಹಂತ ಹೇಗೂ ಅರ್ಧವೇ ಕಾಣುತ್ತದೆ. ಉಳಿದರ್ಧಕ್ಕೆ ನಾವೇ ಕತ್ತರಿ ಹಾಕುವುದು ಬೇಡ.

ಚಿತ್ರ ತೆಗೆಯುವವರಿಗೂ ಒಂದು ಮಾತು. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿದ್ದಬಾರದು. ತಿದ್ದುವವನು ತನಗೆ ಕಂಡಂತೆ ತಿದ್ದುತ್ತಾನೆ, ಮುಂದಿನವನು ಕಲ್ಲನ್ನು ಬಿಟ್ಟು ಆ ಸುಣ್ಣವನ್ನೇ ಓದುತ್ತಾನೆ. ಎಣ್ಣೆ ಕುಂಕುಮ ಗಟ್ಟಿಯಾಗಿ ಕೂತ ಕಲ್ಲಿಗೆ ನೆತ್ತಿಯ ಬಿಸಿಲಿನಲ್ಲಿ ಕ್ಯಾಮೆರಾ ಹಿಡಿದರೆ ಏನೂ ಬರುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು. ಇಲ್ಲವೇ ಕತ್ತಲಲ್ಲಿ ಟಾರ್ಚನ್ನು ಕಲ್ಲಿನ ಮೈಗೆ ತಾಗಿದಂತೆ ಪಕ್ಕದಿಂದ ಹಿಡಿಯಬೇಕು. ಆಗ ಗೀರಿನ ಒಂದು ಅಂಚಿಗೆ ನೆರಳು ಬಿದ್ದು ಅಕ್ಷರ ತಾನೇ ಏಳುತ್ತದೆ.

ಇನ್ನು ಪದ್ಯ. ವೀರಗಲ್ಲು ಎಂದೊಡನೆ ಎಲ್ಲರೂ ಉದ್ಧರಿಸುವುದು ಈ ಸಂಸ್ಕೃತ ಶ್ಲೋಕವನ್ನು:

ಜಿತೇನ ಲಭ್ಯತೇ ಲಕ್ಷ್ಮೀರ್ಮೃತೇನಾಪಿ ಸುರಾಂಗನಾ
ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ

ಗೆದ್ದರೆ ಸಿರಿ, ಸತ್ತರೆ ದೇವಕನ್ನೆ, ಕ್ಷಣದಲ್ಲಿ ಅಳಿಯುವ ಮೈಗೆ ರಣದ ಸಾವಿನ ಚಿಂತೆಯೇಕೆ ಎಂದು ತಾತ್ಪರ್ಯ. ಕೇಳಲು ಚೆನ್ನ. ಆದರೆ ಇದು ಸಿದ್ಧ ಅಚ್ಚು. ಲಗ್ನಪತ್ರಿಕೆಯ ನೆತ್ತಿಯ ಶ್ಲೋಕವಿದ್ದಂತೆ. ಊರೂರಿನ ಕಲ್ಲುಗಳ ಮೇಲೆ, ಒಮ್ಮೊಮ್ಮೆ ಕಾಗುಣಿತ ತಪ್ಪಿ, ಇದೇ ಬರುತ್ತದೆ. ಈ ಮನುಷ್ಯನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹೇಳುವುದು ಅದರ ಕೆಳಗಿನ ಒರಟು ಕನ್ನಡದ ಸಾಲು: ಯಾವ ನಾಡು, ಯಾರು ದನ ಹೊಡೆದರು, ಇಂಥವನ ಮಗ ಇಂಥವನು ತುರುವನ್ನು ಮಗುಳ್ಚಿ ಹಲವರನ್ನು ಇರಿದು ಸತ್ತನು. ಮಗುಳ್ಚಿ ಎಂದರೆ ಹಿಂದಕ್ಕೆ ತಿರುಗಿಸಿ. ದನ ಊರಿಗೆ ಬಂತು, ಮನುಷ್ಯ ಬರಲಿಲ್ಲ ಎಂಬುದಷ್ಟೂ ಆ ಒಂದು ಕ್ರಿಯಾಪದದಲ್ಲಿದೆ. ಪತ್ರಿಕೆಗಳು ಶ್ಲೋಕ ಹಾಕಿ ಈ ಸಾಲನ್ನೇ ಬಿಡುತ್ತವೆ.

ನಮ್ಮ ರಾಜಧಾನಿಯ ಹೆಸರು ಮೊದಲು ಕಾಣಿಸುವುದೇ ಇಂಥ ಸಾಲಿನಲ್ಲಿ. ಬೇಗೂರಿನ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 900ರ ಗಂಗರ ಕಾಲದ ಕಲ್ಲು ಬೆಂಗಳೂರ ಕಾಳೆಗದಲ್ಲಿ ನಾಗತ್ತರನ ಮಗ ಬುಟ್ಟಣಪತಿ ಸತ್ತನು ಎನ್ನುತ್ತದೆ. ವಿಶೇಷಣವಿಲ್ಲ, ಉಪಮೆಯಿಲ್ಲ. ಆ ನಾಗತ್ತರನ ಸಾವಿಗೂ ಬೇಗೂರಿನದೇ ಇನ್ನೊಂದು ಕಲ್ಲಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿದ್ದ ಹೆಣಗಳು, ಹೆಣಕ್ಕೆ ಬಂದ ಪ್ರಾಣಿಗಳು, ಎಲ್ಲವೂ ಕಿಕ್ಕಿರಿದ ಕೆತ್ತನೆ. ತುಂಬೆಪಾಡಿಯಲ್ಲಿ ಅವನು ಕಾದಿ ಸತ್ತದ್ದನ್ನು ಕೇಳಿ ಗಂಗರ ದೊರೆ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು, ಅಂದರೆ ಹನ್ನೆರಡು ಊರುಗಳ ಗುಂಪನ್ನು, ಕಲ್ನಾಡಾಗಿ (ವೀರನ ಸಾವಿಗೆ ಬಿಟ್ಟ ಭೂಮಿಯಾಗಿ) ಕೊಟ್ಟನೆಂದು ಶಾಸನ ಹೇಳುತ್ತದೆ. ಬೆಂಪೂರು ಎಂದರೆ ಇಂದಿನ ಬೇಗೂರು. ಕೊಟ್ಟ ಊರುಗಳ ಹೆಸರನ್ನೂ ಬಿಡದೆ ಬರೆದಿದ್ದಾರೆ.

ಈ ಕೊಡುಗೆಗಳಿಗೆ ಹಳಗನ್ನಡದಲ್ಲಿ ಬೇರೆಬೇರೆ ಹೆಸರುಗಳಿವೆ. ನೆತ್ತರುಗೊಡಗೆ ಎಂದರೆ ಸುರಿದ ರಕ್ತಕ್ಕೆ ಕೊಟ್ಟ ಭೂಮಿ. ಬಾಳ್ಗಚ್ಚು ಎಂದರೆ ಅಕ್ಷರಶಃ ಕತ್ತಿ ತೊಳೆಯುವುದು. ಯುದ್ಧ ಮುಗಿಸಿ ಬಂದವನ ಕತ್ತಿಯನ್ನು ತೊಳೆದು ಕೊಡುವ ದತ್ತಿ. ಕನ್ನಡದ ಮೊದಲ ಶಾಸನವೆಂದು ತಲೆಮಾರುಗಳಿಗೆ ಓದಿಸಿದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದ ತಿರುಳು ಇದೇ: ವಿಜಾರಸನಿಗೆ ಬಾಳ್ಗಳ್ಚಾಗಿ ಪಲ್ಮಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟರು. ನವೆಂಬರ್ ಬಂದರೆ ಹಲ್ಮಿಡಿಯ ಹೆಸರು ಎಲ್ಲ ವೇದಿಕೆಯಲ್ಲೂ ಕೇಳುತ್ತದೆ. ಅದು ಒಬ್ಬ ಸೈನಿಕನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದ ಪತ್ರ ಎಂದು ಹೇಳುವವರು ಕಡಿಮೆ.

ಐನೂರು ವರ್ಷ ಕಳೆದು ಅದೇ ಮಾತು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಲ್ಲಿ ಬರುತ್ತದೆ. ಶಕ 872, ಅಂದರೆ ಕ್ರಿ.ಶ. 949-50. ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧ. ಕೃಷ್ಣನ ಕಡೆಯ ಗಂಗ ಬೂತುಗ ರಾಜಾದಿತ್ಯನನ್ನು ಕೊಂದ. ಕೃಷ್ಣ ಮೆಚ್ಚಿ ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರ (ಹನ್ನೆರಡು ಸಾವಿರ), ಬೆಳ್ವೊಲ ಮೂನೂರು, ಪುರಿಗೆರೆ ಮೂನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಎಂಬ ನಾಡುಗಳನ್ನು ಕೊಟ್ಟ. ಬೂತುಗ ತನ್ನ ಮುಂದೆ ನಿಂತು ಕಾದಿದ ಮಣಲೇರನಿಗೆ ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಒಂದು ಊರನ್ನು ಬಾಳ್ಗಚ್ಚಾಗಿ ಕೊಟ್ಟ. ಬೇಡಿಕೊ ಎಂದಾಗ ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಬೆಳ್ತೂರ ಪಡುವಣ ಮೊರಡಿಯಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ‘ಒಡಸತ್ತುವು’, ಒಟ್ಟಿಗೇ ಸತ್ತವು. ಅದಕ್ಕಾಗಿ ಚಲ್ಲೇಶ್ವರದ ಮುಂದೆ ಕಲ್ಲು ನಡಿಸಿ, ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದರು. ಚಕ್ರವರ್ತಿಯಿಂದ ನಾಯಿಯವರೆಗೆ ಯಾರಿಗೆ ಏನು ಸಲ್ಲಬೇಕೋ ಅದನ್ನು ಇಷ್ಟು ಕಟ್ಟುನಿಟ್ಟಾಗಿ ಬರೆದಿಟ್ಟ ಇನ್ನೊಂದು ಯುದ್ಧವರದಿಯನ್ನು ತೋರಿಸುವುದು ಕಷ್ಟ.

ಇದೇ ಶಾಸನದಲ್ಲಿ ಒಂದಕ್ಷರದ ಓದು ಏನು ಮಾಡಬಲ್ಲದೆಂಬುದಕ್ಕೂ ಸಾಕ್ಷಿಯಿದೆ. ಬೂತುಗ ರಾಜಾದಿತ್ಯನನ್ನು ‘ಬಿಸುಗೆಯೆ ಕಳನಾಗಿ ಸುರಿಗಿರಿದು’ ಕೊಂದನೆಂದು ಅಲ್ಲಿದೆ. ಬಿಸುಗೆ ಎಂದರೆ ಆನೆಯ ಮೇಲಿನ ಪೀಠ, ಕಳ ಎಂದರೆ ರಣರಂಗ, ಸುರಿಗೆ ಎಂದರೆ ಕಿರುಗತ್ತಿ. ಆನೆಯ ಪೀಠವನ್ನೇ ರಣರಂಗ ಮಾಡಿಕೊಂಡು ಇರಿದ ಎಂದರ್ಥ. ಹತ್ತೊಂಬತ್ತನೆಯ ಶತಮಾನದ ಮೊದಲ ಓದಿನಲ್ಲಿ ಬಿಸುಗೆಯನ್ನು ಅಪ್ಪುಗೆ ಎಂದೂ ‘ಕಳನಾಗಿ’ಯನ್ನು ‘ಕಳ್ಳನಾಗಿ’ ಎಂದೂ ತಿಳಿದರು. ಒಂದು ಒತ್ತಕ್ಷರ ಬಂದು ಕೂತದ್ದಕ್ಕೆ ಬೂತುಗ ತಬ್ಬಿಕೊಂಡು ಮೋಸದಿಂದ ಇರಿದವನಾದ. ಓದು ಆಮೇಲೆ ತಿದ್ದುಪಡಿಯಾಯಿತು. ಸೋತ ಚೋಳರ ಕಡೆಯವರೇ ರಾಜಾದಿತ್ಯನನ್ನು ‘ಆನೆಯ ಮೇಲೆ ಮಡಿದ ದೊರೆ’ ಎಂದು ನೆನೆದಿದ್ದಾರೆ. ಎರಡೂ ಕಡೆಯ ಮಾತು ಹೊಂದುತ್ತದೆ. ಆದರೂ ಮೋಸದ ಕಥೆ ಇನ್ನೂ ಅಲ್ಲಲ್ಲಿ ಓಡಾಡುತ್ತಿದೆ.

ಆದ್ದರಿಂದ ಅಕ್ಷರದ ವಿಷಯದಲ್ಲಿ ಹಟ ಮಾಡಿದರೆ ಪಂಡಿತರ ಗೊಣಗಾಟ ಎನ್ನಬೇಡಿ. ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಮುದ್ರಣದಲ್ಲಿ ೞ ಕಾರವನ್ನು ಳ ಮಾಡಿದರೆ ಕತ್ತಿಯೂ ಬದುಕೂ ಒಂದಾಗುತ್ತವೆ. ವೀರಕಾವ್ಯದಲ್ಲಿ ಇದಕ್ಕಿಂತ ದೊಡ್ಡ ಅಚ್ಚಿನ ತಪ್ಪು ಯಾವುದಿದ್ದೀತು? ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚಾದದ್ದನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಈ ೞ ಮತ್ತು ಱ ಎರಡೂ ಸುಲಭವಾಗಿ ಕೆಡುತ್ತವೆ. ಯೂನಿಕೋಡಿನಲ್ಲಿ ಎರಡಕ್ಕೂ ಜಾಗವಿದೆ. ಪರಿವರ್ತನೆಯಾದ ಮೇಲೆ ಒಮ್ಮೆ ಮೂಲದೊಡನೆ ಹಿಡಿದು ನೋಡಬೇಕು, ಅಷ್ಟೇ.

ಕಲ್ಲಿನಿಂದ ಕಾವ್ಯಕ್ಕೆ ಬಂದರೆ, ಯೋಧನ ಕರ್ತವ್ಯದ ಬಗ್ಗೆ ಅತಿ ಹೆಚ್ಚು ಬಳಕೆಯಾಗುವುದು ಕುಮಾರವ್ಯಾಸನ ಕರ್ಣನ ಈ ಪದ್ಯ. ಹತ್ತನೆಯ ತರಗತಿಯ ಪಠ್ಯದಲ್ಲಿ ಬಂದದ್ದರಿಂದ ಮಕ್ಕಳಿಗೂ ಬಾಯಿಪಾಠ. ಸರಿಯಾದ ಸಾಲುವಿಂಗಡಣೆ ಹೀಗೆ:

ಮಾರಿಗೌತಣವಾಯ್ತು ನಾಳಿನ
ಭಾರತವು ಚತುರಂಗಬಲದಲಿ
ಕೌರವನ ಋಣ ಹಿಂಗೆ ರಣದಲಿ ಸುಭಟಕೋಟಿಯನು
ತೀರಿಸಿಯೆ ಪತಿಯವಸರಕ್ಕೆ ಶ-
ರೀರವನು ನೂಕುವೆನು ನಿನ್ನಯ
ವೀರರೈವರ ನೋಯಿಸೆನು ರಾಜೀವಸಖನಾಣೆ

ಭಾಮಿನಿ ಷಟ್ಪದಿ. 1, 2, 4, 5ನೆಯ ಸಾಲುಗಳಿಗೆ 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ನೆಯ ಸಾಲುಗಳಿಗೆ 3+4+3+4+3+4, ಕೊನೆಗೊಂದು ಗುರು. ಪ್ರತಿ ಸಾಲಿನ ಎರಡನೆಯ ಅಕ್ಷರ ರಕಾರ: ಮಾರಿ, ಭಾರ, ಕೌರ, ತೀರಿ, ರೀರ, ವೀರ. ಹೀಗಾಗಿ ‘ಶರೀರ’ ಎಂಬ ಮಾತು ‘ಶ’ದಲ್ಲಿ ಮುರಿದು ‘ರೀರ’ ಮುಂದಿನ ಸಾಲಿಗೆ ಬೀಳಲೇಬೇಕು. ಪತ್ರಿಕೆಯವರು ಇದನ್ನು ತಪ್ಪೆಂದು ತಿಳಿದು ‘ಶರೀರವನು’ ಎಂದು ಸೇರಿಸಿಬಿಡುತ್ತಾರೆ. ಆಗ 4ನೆಯ ಸಾಲಿಗೆ ಒಂದು ಮಾತ್ರೆ ಕಡಿಮೆ, 5ನೆಯದಕ್ಕೆ ಒಂದು ಹೆಚ್ಚು, ಪ್ರಾಸವೂ ಹೋಯಿತು. ‘ಪತಿಯ ಅವಸರಕ್ಕೆ’ ಎಂದು ಬಿಡಿಸಿ ಬರೆದರೂ ಒಂದು ಮಾತ್ರೆ ಏರುತ್ತದೆ, ‘ಅವಸರಕೆ’ ಎಂದರೆ ಒಂದು ಇಳಿಯುತ್ತದೆ. ಕವಿ ಬಯಸಿ ಮಾಡಿದನೋ, ಛಂದಸ್ಸು ಮಾಡಿಸಿತೋ, ಒಡೆಯನಿಗಾಗಿ ನೂಕಬೇಕಾದ ಆ ಶರೀರ ಸಾಲಿನ ಅಂಚಿನಲ್ಲೇ ತುಂಡಾಗುತ್ತದೆ. ಗಮಕಿಗಳು ಅಲ್ಲಿ ಉಸಿರು ತೆಗೆದುಕೊಳ್ಳದೆ ಮುಂದಿನ ಸಾಲಿಗೆ ಹಾಯಬೇಕಾಗುತ್ತದೆ.

ಅರ್ಥದಲ್ಲಿ ಮೂರು ಕಡೆ ಇಂದಿನ ಓದುಗ ಎಡವುತ್ತಾನೆ. ‘ಹಿಂಗೆ’ ಎಂದರೆ ಹೀಗೆ ಅಲ್ಲ, ತೀರುವಂತೆ, ಇಂಗಿಹೋಗುವಂತೆ. ‘ಪತಿ’ ಗಂಡನಲ್ಲ, ಒಡೆಯ. ‘ಅವಸರ’ ಗಡಿಬಿಡಿಯಲ್ಲ, ಒದಗಿಬಂದ ಸಂದರ್ಭ, ಅಗತ್ಯ. ಇವು ತಿಳಿದರೆ ಪದ್ಯದ ಭಾಷೆ ಪೂರ್ತಿ ಸಾಲದ ಭಾಷೆಯೆಂದು ಗೊತ್ತಾಗುತ್ತದೆ. ‘ತೀರಿಸು’ ಎಂಬುದೂ ಹಾಗೇ: ಸಾಲ ತೀರಿಸುವುದೂ ಹೌದು, ಕೊಂದು ಮುಗಿಸುವುದೂ ಹೌದು. ಹಳಗನ್ನಡದವರು ಇದನ್ನು ಜೋಳವಾಳಿ ಎನ್ನುತ್ತಿದ್ದರು. ತಿಂದ ಜೋಳಕ್ಕೆ ಸಲ್ಲಿಸುವ ನಿಷ್ಠೆ. ನಾವು ಇಂದಿಗೂ ಅನ್ನದ ಋಣ, ಉಪ್ಪಿನ ಋಣ ಎನ್ನುವುದು ಆ ಬಳ್ಳಿಯದೇ ಕುಡಿ.

ಈ ಪದ್ಯದ ಮೊದಲ ನಾಲ್ಕೂವರೆ ಸಾಲು ಮಾತ್ರ ಹಾಕಿ ‘ಯೋಧನ ಪ್ರತಿಜ್ಞೆ’ ಎಂದು ತಲೆಬರಹ ಕೊಡುವುದಂತೂ ಅನ್ಯಾಯ. ಇದು ರಣರಂಗದ ಕೂಗಲ್ಲ. ನೀನು ಕುಂತಿಯ ಮಗ ಎಂದು ಕೃಷ್ಣ ಗುಟ್ಟು ಒಡೆದ ಮೇಲೆ, ಉದ್ಯೋಗಪರ್ವದಲ್ಲಿ, ಕಣ್ಣೀರು ತುಂಬಿದವನು ಆಡುವ ಮಾತು. ಕೊನೆಯ ಸಾಲು ಋಣಕ್ಕೊಂದು ಗಡಿ ಹಾಕುತ್ತದೆ: ನಿನ್ನ ಐವರನ್ನು ನೋಯಿಸೆನು, ಸೂರ್ಯನಾಣೆ. ಇನ್ನೂ ಹತ್ತಿರದಿಂದ ನೋಡಿದರೆ ಎದೆ ಝಲ್ಲೆನ್ನುತ್ತದೆ. ಐವರು ರಾಜಕುಮಾರರಿಗೆ ಅಭಯ ಸಿಕ್ಕಿತು. ಆ ಋಣ ಹಿಂಗುವುದು ಹೆಸರಿಲ್ಲದ ‘ಸುಭಟಕೋಟಿ’ಯ ತಲೆಯ ಮೇಲೆ. ಮಾರಿಗೆ ಔತಣ ಅವರೇ. ಕರ್ಣನ ದೊಡ್ಡತನವನ್ನು ಹಾಡುವ ಪದ್ಯದೊಳಗೇ ಕುಮಾರವ್ಯಾಸ ಈ ಲೆಕ್ಕವನ್ನೂ ಮುಚ್ಚದೆ ಇಟ್ಟಿದ್ದಾನೆ.

ನಿಷ್ಠೆ ಅತಿಯಾದರೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಹಳೇಬೀಡಿನ ಹೊಯ್ಸಳೇಶ್ವರದ ಬಳಿಯ ಗರುಡಗಂಬವಿದೆ. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ, ರಾಜ ಸತ್ತಾಗ ಹೆಂಡತಿ ಸುಗ್ಗಲದೇವಿಯೊಡನೆಯೂ ತನ್ನ ವೀರರೊಡನೆಯೂ ಪ್ರಾಣ ಬಿಟ್ಟ. ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವವರನ್ನು ಕಂಬದ ಮೇಲೆ ಕೆತ್ತಿದ್ದಾರೆ. ಇದಕ್ಕೆ ವೇಳೆವಾಳಿ ಎಂದು ಹೆಸರು. ಒಡೆಯನೊಡನೆ ಸಾಯುವ ಭಾಷೆ ಕೊಟ್ಟವನು ಕಾಲಿಗೆ ತೊಡರು ಎಂಬ ಕಡಗ ಕಟ್ಟಿಕೊಳ್ಳುತ್ತಿದ್ದ. ಜೋಳವಾಳಿಯವನು ಶತ್ರುವಿನ ಮುಂದೆ ಊರಿಗೋ ಒಡೆಯನಿಗೋ ಕಾದಿ ಸಾಯುತ್ತಾನೆ. ವೇಳೆವಾಳಿಯವನ ಎದುರಿಗೆ ಶತ್ರುವೇ ಇಲ್ಲ. ಎರಡನ್ನೂ ‘ತ್ಯಾಗ’ ಎಂಬ ಒಂದೇ ಚೀಲಕ್ಕೆ ತುಂಬುವುದು ನನಗೆ ಒಪ್ಪಿಗೆಯಿಲ್ಲ. ಶಾಸನದ ಕವಿ ಹೊಗಳಿದ್ದಾನೆ ಎಂದು ನಾವೂ ಹೊಗಳಬೇಕಾಗಿಲ್ಲ.

ಭಯದ ಬಗ್ಗೆಯೂ ನಮ್ಮ ಕವಿಗಳಿಗೆ ಸಂಕೋಚವಿಲ್ಲ. ಹೆಂಗಳೆಯರ ಮುಂದೆ ಮೀಸೆ ತಿರುವಿ ಹೊರಟ ಉತ್ತರಕುಮಾರ ಕೌರವಸೇನೆ ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ, ಅರ್ಜುನ ಅಟ್ಟಿ ಹಿಡಿದು ತರುತ್ತಾನೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಗಾದೆಯೇ ಆಯಿತು. ನಗಿಸುವ ಭಾಗ ನಿಜ. ಆದರೆ ಆ ಸೇನೆ ಎಷ್ಟು ದೊಡ್ಡದು, ಎಷ್ಟು ಭೀಕರ ಎಂಬುದು ನಮಗೆ ತಿಳಿಯುವುದು ಅವನ ನಡುಗುವ ಕಣ್ಣಿನಿಂದಲೇ. ಅರ್ಜುನ ನೋಡಿದ್ದರೆ ತಿಳಿಯುತ್ತಿರಲಿಲ್ಲ.

ಒಡೆಯನ ಬಾಯಿಂದಲೇ ಋಣದ ಒಪ್ಪಿಗೆ ಬೇಕೆಂದರೆ ರನ್ನನ ಗದಾಯುದ್ಧ. ಚಾಲುಕ್ಯ ಸತ್ಯಾಶ್ರಯನಿಗಾಗಿ ಬರೆದ ಕಾವ್ಯ. ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ಬರುವ ದುರ್ಯೋಧನ ಸತ್ತ ಕರ್ಣನಿಗೆ ಹೇಳುವ ಕಂದಪದ್ಯ:

ನೀನುಳ್ಳೊಡುಂಟು ರಾಜ್ಯಂ
ನೀನುಳ್ಳೊಡೆ ಪಟ್ಟಮುಂಟು ಬೆಳ್ಗೊಡೆಯುಂಟಯ್
ನೀನುಳ್ಳೊಡುಂಟು ಪೀಳಿಗೆ
ನೀನಿಲ್ಲದಿವೆಲ್ಲಮೊಳವೆ ಅಂಗಾಧಿಪತೀ

ರಾಜ್ಯ, ಪಟ್ಟ, ಬಿಳಿಯ ಕೊಡೆ, ಪೀಳಿಗೆ. ರಾಜನಿಗೆ ಏನೇನಿದೆಯೋ ಎಲ್ಲವನ್ನೂ ಒಂದೊಂದಾಗಿ ಎತ್ತಿ ಹೆಣದ ಮುಂದೆ ಇಡುತ್ತಾನೆ. ದುಶ್ಶಾಸನನ ಹೆಣದ ಮುಂದೆ ಮಾತು ಇನ್ನೂ ಮನೆಯದು: ತಾಯ ಮೊಲೆಹಾಲನ್ನು ನಾನುಂಡ ಮೇಲೆ ನೀನುಂಡೆ, ಎಲ್ಲದರಲ್ಲೂ ನನ್ನ ಹಿಂದೆಯೇ ಬಂದೆ, ಸಾವಿನಲ್ಲಿ ಮಾತ್ರ ನನ್ನನ್ನು ಮೀರಿ ಮುಂದೆ ಹೋದೆಯಲ್ಲ ತಮ್ಮ ಎಂದು. ಅಣ್ಣ ತಮ್ಮ ಇಬ್ಬರನ್ನೂ ನಾವು ಖಳರೆಂದೇ ಓದಿದ್ದೇವೆ. ಯುದ್ಧದಲ್ಲಿ ಸತ್ತವನ ಮನೆಗೆ ಹೋಗಿ ಕೂತವರಿಗೆ ಈ ಮಾತಿನ ಧಾಟಿ ಗುರುತು ಸಿಗುತ್ತದೆ.

ಜನಪದರೂ ಇದೇ ಜಾಡಿನವರು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಹುಕುಮಿಗೆ ಬಗ್ಗದೆ ಮುಧೋಳ ಸೀಮೆಯ ಹಲಗಲಿಯ ಬೇಡರು ಎದ್ದ ಲಾವಣಿಯನ್ನು ನೋಡಿ. ಜಡಗ, ಬಾಲ, ಹನುಮ, ರಾಮ ಎಂದು ಹೆಸರು ಹಿಡಿದು ಹಾಡುತ್ತದೆ. ಕೊನೆಗೆ ದಂಡು ಊರು ಹೊಕ್ಕಾಗ ಲಾವಣಿಕಾರ ವೀರರ ಎದೆಗಾರಿಕೆಯನ್ನು ಬಿಟ್ಟು ಮನೆಯ ಸಾಮಾನು ಎಣಿಸಲು ಕೂರುತ್ತಾನೆ: ಕೊಡಲಿ, ಕುಡ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿಣ, ಜೀರಿಗೆ, ಬೆಲ್ಲ, ಗಂಗಾಳ, ಚರಿಗೆ, ಮಂಗಳಸೂತ್ರ, ಬೀಸುವ ಕಲ್ಲು. ಇಷ್ಟನ್ನೂ ಕೊಂಡೊಯ್ದು ಊರಿಗೆ ಕೊಳ್ಳಿ ಇಟ್ಟರು. ವೇದಿಕೆಯಲ್ಲಿ ಹಾಡುವಾಗ ಈ ಪಟ್ಟಿಯನ್ನು ಹಾರಿಸಿಬಿಡುವುದುಂಟು, ‘ರಸ ಇಳಿಯುತ್ತದೆ’ ಎಂದು. ಇಳಿಯಲಿ ಎಂದೇ ಲಾವಣಿಕಾರ ಅದನ್ನು ಅಲ್ಲಿಟ್ಟದ್ದು.

ಈ ಸಲದ ಪುರವಣಿಗೆ ಕೇಳಿಕೊಳ್ಳುವುದು ಇಷ್ಟು. ಕಲ್ಲಿನ ಚಿತ್ರ ಹಾಕಿದರೆ ಮೂರೂ ಹಂತ ಇರಲಿ, ಊರಿನ ಹೆಸರು ಇರಲಿ, ಶ್ಲೋಕದ ಕೆಳಗಿನ ಕನ್ನಡದ ಸಾಲು ಇರಲಿ. ಪದ್ಯ ಹಾಕಿದರೆ ಯಾರು ಯಾರಿಗೆ ಹೇಳಿದ್ದೆಂದು ಒಂದು ಸಾಲು ಸೇರಿಸಿ. ಷಟ್ಪದಿಗೆ ಆರೂ ಸಾಲು ಕೊಡಿ. ಜಾಗ ಸಾಲದಿದ್ದರೆ ಹಿನ್ನೆಲೆಯ ಬಾವುಟದ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಬಹುದು. ಶರೀರ ಮಾತ್ರ ‘ಶ’ದಲ್ಲೇ ಮುರಿಯಲಿ.

ತಮ್ಮ ವಿಶ್ವಾಸಿ,
ಹಳಗನ್ನಡ ಪಾಠ ಹೇಳುವ ಒಬ್ಬ ಓದುಗ